ಮಧ್ಯಾಹ್ನದ ನಾಲ್ಕು ಬೆರಳು

ಪ್ರೀತಿಯ ಅಕ್ಕನಿಗೆ,

ಬಂದರಿನಲ್ಲಿ ನೀನು ಅಳತೆಗೋಲು ನೋಡಿ ಬರೆಯುವ ನೀರಿನ ಮಟ್ಟಕ್ಕಿಂತ ನಮ್ಮ ಉಪಗ್ರಹ ಅಳೆದ ಮಟ್ಟ ಮಧ್ಯಾಹ್ನದ ಹೊತ್ತಿನಲ್ಲಿ ಯಾವಾಗಲೂ ನಾಲ್ಕು ಬೆರಳು ಕೆಳಗಿರುತ್ತಿತ್ತು. ತಪ್ಪು ನಿನ್ನದೇ ಎಂದು ಮೇಲಿನವರಿಗೆ ಬರೆದುಕೊಟ್ಟವನು ನಾನು. ಹೋದ ತಿಂಗಳು ಆ ಕೆಲಸ ನಿನ್ನ ಕೈತಪ್ಪಿದ್ದು ಅದರಿಂದಲೇ. "ನೀರು ಎಲ್ಲಿತ್ತೋ ಅಲ್ಲೇ ಬರ್ದಿದೀನಿ ಕಣೋ" ಎಂದಷ್ಟೇ ಹೇಳಿ ನೀನು ಫೋನ್ ಇಟ್ಟೆ. ಆ ಮಾತು ನನ್ನನ್ನು ಬಿಡಲಿಲ್ಲ. ಲೆಕ್ಕವನ್ನು ಮೊದಲಿನಿಂದ ನೋಡಿದೆ.

ತಪ್ಪು ನನ್ನದು. ಬಿಸಿಲೇರಿದಾಗ ಮೇಲಿನ ವಾಯುಮಂಡಲದಲ್ಲಿ ವಿದ್ಯುತ್ ಕಣಗಳು ಹೆಚ್ಚಿ, ಉಪಗ್ರಹದ ರೇಡಿಯೊ ಅಲೆ ನೀರಿಗೆ ತಾಗಿ ತುಸು ತಡವಾಗಿ ಮರಳುತ್ತದೆ. ತಡವಾದಷ್ಟೂ ಸಮುದ್ರ ಕೆಳಗಿರುವಂತೆ ತೋರುತ್ತದೆ. ಉಪಗ್ರಹ ಕಳಿಸುವ ಎರಡು ಬಗೆಯ ಅಲೆಗಳನ್ನು ಹೋಲಿಸಿ ಆ ತಡವನ್ನು ಲೆಕ್ಕದಿಂದ ಕಳೆಯಬೇಕಿತ್ತು, ನಾನು ಕಳೆದಿರಲಿಲ್ಲ. ಈಗ ಕಳೆದು ನೋಡಿದರೆ, ಎರಡು ವರ್ಷದ ನಿನ್ನ ಅಂಕಿಗಳು ಅರ್ಧ ಬೆರಳೂ ಆಚೀಚೆಯಾಗಲಿಲ್ಲ.

ಇದನ್ನೆಲ್ಲ ಬರೆದುಕೊಟ್ಟಿದ್ದೇನೆ. ಸೋಮವಾರದಿಂದ ಕೆಲಸ ಮತ್ತೆ ನಿನ್ನದೇ. ನೀನು ಮಟ್ಟ ಬರೆದಿಟ್ಟ ಹಳೆಯ ಪುಸ್ತಕಗಳನ್ನೂ ಕಳಿಸಿಕೊಡು, ಮಿಕ್ಕ ಉಪಗ್ರಹಗಳನ್ನೂ ಅವುಗಳಿಂದಲೇ ಪರೀಕ್ಷಿಸಬೇಕಂತೆ.

ನಮ್ಮ ಮುಖ್ಯಸ್ಥರು ನಿನ್ನ ಪುಟಗಳನ್ನು ತಿರುವುತ್ತ, "ಯಾರ್ರೀ ಇವ್ರು, ಒಂದಿನಾನೂ ತಪ್ಪಿಸಿಲ್ವಲ್ಲ!" ಎಂದರು. ಇಷ್ಟು ವರ್ಷ ಆಫೀಸಿನಲ್ಲಿ ಯಾರಿಗೂ ಹೇಳದಿದ್ದುದನ್ನು ಆಗ ಹೇಳಿದೆ: "ನಮ್ಮಕ್ಕ, ಸಾರ್."

ತಲೆ ತಗ್ಗಿಸಿ,
ನಿನ್ನ ತಮ್ಮ