ನಲವತ್ತೊಂದು ಕುರ್ಚಿ ಬೇಡ, ಒಂದು ಸಾಕು

ವಿದ್ಯಾರ್ಥಿ ಸೇವಾ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ, ಮುಂದಿನ ಶುಕ್ರವಾರದ ಸಮಾರಂಭಕ್ಕೆ ದಯವಿಟ್ಟು ನಲವತ್ತೊಂದು ಕುರ್ಚಿ ಹಾಕಿಸಬೇಡಿ. ಒಂದೇ ಬೀದಿಯ ನಲವತ್ತೊಂದು ಮಂದಿ ಹಿರಿಯರ ಸೇವೆ ಮಾಡಿದ್ದಕ್ಕೆ ನಮ್ಮ ಘಟಕಕ್ಕೆ ಪ್ರಶಸ್ತಿ ಘೋಷಿಸಿದ್ದೀರಿ. ಅವರೆಲ್ಲರನ್ನೂ ವೇದಿಕೆಗೆ ಕರೆತರಬೇಕೆಂದು ಬರೆದಿದ್ದೀರಿ. ಕರೆತರಲು ನನ್ನ ಅಭ್ಯಂತರವೇನಿಲ್ಲ. ಆದರೆ ಅವರೆಲ್ಲ ಒಬ್ಬರೇ. ಒಬ್ಬ ಮನುಷ್ಯನಿಗೆ ಎರಡನೇ ಸಲ ಸೇವೆ ಮಾಡಲು ನಿಮ್ಮ ನಿಯಮ ಬಿಡುವುದಿಲ್ಲವಾದ್ದರಿಂದ, ಒಬ್ಬರನ್ನೇ ನಲವತ್ತೊಂದು ಜನ ಮಾಡಬೇಕಾಯಿತು.

ರಾಷ್ಟ್ರೀಯ ಸೇವೆಗೆಂದು ನಾನು ಕೊಟ್ಟ ಒಂದು ವರ್ಷ ಈ ತಿಂಗಳಿಗೆ ಮುಗಿಯುತ್ತದೆ. ಕಾಲೇಜಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು, ಅರವತ್ತು ವಿದ್ಯಾರ್ಥಿ ಸ್ವಯಂಸೇವಕರನ್ನು ಯಾರ ಮನೆಗೆ ಯಾವಾಗ ಕಳಿಸಬೇಕೆಂದು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲ ತಿಂಗಳೇ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಬಗ್ಗೆ ಕೋರಿಕೆ ಬಂತು. ಪಾರ್ಶ್ವವಾಯು ಹೊಡೆದು ಅವರ ಮಾತು ನಿಂತುಹೋಗಿತ್ತು. ವಾರವಾರ ಯಾರಾದರೂ ಬಂದು ಮಾತಾಡಿಸುತ್ತಿದ್ದರೆ ಮಾತು ಮರಳಬಹುದು ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಮಗಳಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಪಾಳಿ ಕೆಲಸ. ನಾನು ಎರಡನೇ ವರ್ಷದ ಒಬ್ಬ ಹುಡುಗಿಯನ್ನು ಕಳಿಸಿದೆ. ಪಾಠ ನಡೆಯುವಾಗಲೂ ಬಾಯಿ ಮುಚ್ಚದವಳೆಂದು ಉಪನ್ಯಾಸಕರೆಲ್ಲ ಅವಳನ್ನು ಮಾತಿನಮಲ್ಲಿ ಎಂದೇ ಕರೆಯುತ್ತಿದ್ದರು. ಇಡೀ ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಬುದ್ಧಿವಂತ ನೇಮಕ ಅದು.

ಎರಡನೇ ವಾರ ಅವರ ಹೆಸರನ್ನು ದಾಖಲಿಸಲು ಹೋದರೆ ಕಂಪ್ಯೂಟರ್ ಒಪ್ಪಲಿಲ್ಲ. ‘ಈ ಫಲಾನುಭವಿಯ ಸೇವೆ ಪೂರ್ಣಗೊಂಡಿದೆ’ ಎಂದಿತು. ದಾಖಲಾಗದ ಭೇಟಿಗೆ ಹಾಜರಾತಿ ಇಲ್ಲ, ಹಾಜರಾತಿ ಇಲ್ಲದೆ ಹುಡುಗಿ ಪರೀಕ್ಷೆಗೆ ಕೂರುವಂತಿಲ್ಲ. ನಿಮ್ಮ ಕಚೇರಿಗೆ ಫೋನ್ ಮಾಡಿದೆ.

“ಒಂದ್ಸಲ ಸೇವೆ ಮಾಡಿ ಆಯ್ತಲ್ಲಮ್ಮಾ, ಮತ್ತೆ ಯಾಕೆ ಅವ್ರ ಮನೆಗೇ ಹೋಗ್ತೀರಿ?” ಎಂದರು ಗುಮಾಸ್ತರು.

“ಸರ್, ಅವ್ರಿಗಿನ್ನೂ ಮಾತು ಬಂದಿಲ್ಲ.”

“ಹಾಗಾದ್ರೆ ಪೂರ್ಣ ಅಂತ ಯಾಕೆ ಒತ್ತಿದ್ರಿ?”

“ಒತ್ತದೇ ಇದ್ರೆ ಕಂಪ್ಯೂಟರು ದಾಖಲೆ ಉಳಿಸ್ಕೊಳ್ಳೋದೇ ಇಲ್ಲ ಸರ್.”

“ಹೌದು, ಅದು ಹಾಗೇನೇ. ಬೇರೆ ಯಾರಾದ್ರೂ ಮುದುಕರನ್ನ ನೋಡ್ಕೊಳ್ಳಿ.”

ನೋಡಿಕೊಂಡೆವು. ಆ ವಾರ ಕಂಡಕ್ಟರ್ ಸಾಹೇಬರು ನಿವೃತ್ತ ದರ್ಜಿಯಾದರು. ಅದರ ಮುಂದಿನ ವಾರ ಅಂಚೆಯವರಾದರು, ಆಮೇಲೆ ಮೂರು ವಾರ ವಿಧವೆಯರಾದರು. ನಮೂನೆ ತುಂಬುವ ಸ್ವಯಂಸೇವಕ ಹುಡುಗರಿಗೆ ಇದು ಎಷ್ಟು ಹಿಡಿಸಿತೆಂದರೆ ಅವರಲ್ಲೊಬ್ಬ ವಯಸ್ಸಿನ ಜಾಗದಲ್ಲಿ ನೂರನಾಲ್ಕು ಎಂದು ಬರೆದ. ಶತಾಯುಷಿಗೆ ನಿಮ್ಮ ಸಹಿಯುಳ್ಳ ಶುಭಾಶಯ ಪತ್ರ ಬಂತು, ಅದನ್ನು ಮಗಳು ಕನ್ನಡಿಯ ಪಕ್ಕ ಸಿಕ್ಕಿಸಿದ್ದಾಳೆ. ನಲವತ್ತೊಂದು ಜನರಿಗೂ ವಿಳಾಸ ಒಂದೇ: ಮೂರನೇ ಮಹಡಿ, ಎಡಗಡೆ ಬಾಗಿಲು. ಎರಡು ಕೋಣೆಯ ಮನೆಯಲ್ಲಿ ಇಷ್ಟೊಂದು ಹಿರಿಯರು ಹೇಗೆ ಮಲಗುತ್ತಾರೆಂದು ವರ್ಷವಿಡೀ ನಿಮ್ಮಲ್ಲಿ ಒಬ್ಬರಿಗೂ ಕುತೂಹಲ ಹುಟ್ಟಲಿಲ್ಲವೇ?

ಸುಳ್ಳು ಬರೆದದ್ದು ತಪ್ಪು, ಒಪ್ಪುತ್ತೇನೆ. ಆದರೆ ಸ್ವಚ್ಛತಾ ಜಾಥಾದ ದಿನ ಬಸ್ಸಿಗೆ ಕಾಯುತ್ತಿದ್ದ ಆರುನೂರು ಜನರನ್ನು ಫಲಾನುಭವಿಗಳೆಂದು ಬರೆಸಿದವರು ನೀವು. ಅವರಿಗೆ ನಮ್ಮಿಂದ ಆದ ಫಲವೆಂದರೆ ಬಸ್ಸು ಹತ್ತು ನಿಮಿಷ ತಡವಾದದ್ದು. ಅದು ನಿಜ, ಇದು ಸುಳ್ಳು, ಅಲ್ಲವೇ?

ಹನ್ನೊಂದನೇ ವಾರ ಕಂಡಕ್ಟರ್ ಸಾಹೇಬರು ಬಾಯಿ ತೆರೆದರು. ಮಾತಿನಮಲ್ಲಿ ಎಂದಿನಂತೆ ಬಡಬಡಿಸುತ್ತಿದ್ದಾಗ, ಕೈ ಎತ್ತಿ, “ಮುಂದೆ ಹೋಗಿ, ಮುಂದೆ ಹೋಗಿ” ಎಂದರು. ಹುಡುಗಿ ಹೆದರಿ ಚೀಲ ಎತ್ತಿಕೊಂಡು ಎದ್ದೇಬಿಟ್ಟಳು. ಮಗಳು ಅಡುಗೆಮನೆಯಿಂದ ಓಡಿಬಂದು, “ಹೋಗ್ಬೇಡ ಕಣೇ! ಮೂವತ್ತು ವರ್ಷ ಬಸ್ಸಲ್ಲಿ ಅಪ್ಪ ಇದೊಂದೇ ಹೇಳಿದ್ದು” ಎಂದು ನಗುತ್ತ ಅತ್ತಳಂತೆ. ಇದನ್ನು ನನಗೆ ವರದಿ ಮಾಡುವಾಗ ಮಾತಿನಮಲ್ಲಿಗೆ ಮಾತೇ ಹೊರಡಲಿಲ್ಲ. ನನಗೂ ಕಣ್ಣು ತುಂಬಿತು. ಆ ವಾರದ ನಮೂನೆಯಲ್ಲಿ ಅವರು ನಿವೃತ್ತ ಬಡಗಿ.

ಈಗ ಅವರಿಗೆ ಐವತ್ತು ಅರವತ್ತು ಮಾತು ಬರುತ್ತದೆ. ನೀರು, ಕನ್ನಡಕ, ಸಾಕು, ಚಿಲ್ಲರೆ ಕೊಡಿ. ಮಗಳ ಹೆಸರು ಮಾತ್ರ ಇನ್ನೂ ಬಂದಿಲ್ಲ. ಕಳೆದ ಮಂಗಳವಾರ ನಾನೂ ಹೋಗಿದ್ದೆ. ಮೊದಲಕ್ಷರದವರೆಗೆ ಬಂದರು, ಮಾತು ಅಲ್ಲಿಗೇ ನಿಂತಿತು. ಮಗಳು ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಕೊನೆಗೆ, “ಇರ್ಲಿ ಬಿಡಪ್ಪಾ, ಮುಂದಿನ್ ವಾರ” ಎಂದಳು.

ಆ ಮುಂದಿನ ವಾರಕ್ಕಾಗಿ ಈ ಪತ್ರ. ನನ್ನ ಜಾಗಕ್ಕೆ ಬರುವವರು ಬಹಳ ಪ್ರಾಮಾಣಿಕರು, ಅವರಿಂದ ಒಬ್ಬ ಸುಳ್ಳು ದರ್ಜಿಯೂ ಹುಟ್ಟುವುದಿಲ್ಲ. ನಾನು ಹೇಳಿಕೊಡಲು ಪ್ರಯತ್ನಿಸಿ ಸೋತೆ. ಪ್ರಶಸ್ತಿ ಹಿಂದಕ್ಕೆ ತೆಗೆದುಕೊಳ್ಳಿ, ನನ್ನ ಮೇಲೆ ಶಿಸ್ತುಕ್ರಮ ಬೇಕಿದ್ದರೆ ಅದನ್ನೂ ತೆಗೆದುಕೊಳ್ಳಿ. ನಿಮ್ಮ ನಮೂನೆಯಲ್ಲಿ ‘ಮತ್ತೆ ಭೇಟಿ’ ಎಂದು ಒಂದು ಕಲಂ ಸೇರಿಸಿ, ಆ ಹುಡುಗಿಗೆ ಹಾಜರಾತಿ ಕೊಡಿ. ಸಮಿತಿ ರಚಿಸಬೇಡಿ, ಮಂಗಳವಾರದೊಳಗೆ ಮಾಡಿ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ಕಂಡಕ್ಟರ್ ಸಾಹೇಬರು, ಒಗೆದ ಅಂಗಿ ತೊಟ್ಟು, ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಾರೆ.

ಇಂತಿ,
ಸೇವೆ ಪೂರ್ಣಗೊಂಡಿದೆ ಎಂದು ಇನ್ನೂ ಒತ್ತಲಾರದ,
ನಿಮ್ಮ ಘಟಕ ಸಂಯೋಜಕಿ