ರಿಬ್ಬನ್ ಕಟ್ಟಿ ಕೊಟ್ಟ ರೆಸ್ಟ್

ಮನೆ, ಅಡುಗೆಮನೆಯ ಮೇಜು
ಶನಿವಾರ, ಮಾರ್ಚ್ ೧೩, ಸಂಜೆ

ಪ್ರೀತಿಯ ಅಣ್ಣಾ,

ನಿನ್ನ ಸೊಂಟ ಹೇಗಿದೆ? ಹಡಗಿನ ಹೊಟ್ಟೆಯೊಳಗೆ ದಿನವಿಡೀ ಬಗ್ಗಿ ವೆಲ್ಡಿಂಗ್ ಮಾಡುವವನು ಬೆಲ್ಟ್ ಕಟ್ಟಿಕೊಳ್ಳದೆ ಇರಬೇಡ ಎಂದು ಅಮ್ಮ ಹೇಳಿದ್ದಾಳೆ. ಅವಳ ಮಾತಿನಲ್ಲೇ ಬರೆಯುವುದಾದರೆ, "ಆ ಬೆಲ್ಟು ಗೋಡೆಗೆ ನೇತುಹಾಕೋಕೆ ಕೊಟ್ಟಿದ್ದಲ್ಲ ಅಂತ ಬರಿ." ಬರೆದಿದ್ದೇನೆ. ನಾನು ಮಾಡಿಕೊಟ್ಟ ಎರಡು ಹಲ್ಲು ಸರಿಯಾಗಿ ಕೂತಿವೆಯೇ? ಒಸಡು ಒತ್ತಿದರೆ ಸಹಿಸಿಕೊಂಡು ಇರಬೇಡ, ತಿಳಿಸು. ಅಮ್ಮನ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ, ಎರಡಕ್ಕೂ ವಿಶ್ರಾಂತಿ ಇಲ್ಲ. ನಾನು ಆರೋಗ್ಯವಾಗಿದ್ದೇನೆ. ಕುಶಲ ವಿಚಾರಿಸಿದ್ದಾಯಿತು, ಇನ್ನು ಒಂದು ಕಡೆ ಕೂತು ಓದು. ಇದಕ್ಕೂ ಮುಂಚೆ ಮೂರು ಕಾಗದ ಬರೆದು ಹರಿದು ಹಾಕಿದೆ, ಮೂರರಲ್ಲೂ ಮೊದಲ ಸಾಲಿನಲ್ಲೇ ಬೈದುಬಿಟ್ಟಿದ್ದೆ. ಈ ಸಲ ಎರಡನೆಯ ಪ್ಯಾರಾದ ತನಕ ತಡೆದುಕೊಂಡಿದ್ದೇನೆ, ಅದೇ ದೊಡ್ಡದು.

ನನಗೆ ನಿನ್ನ ಮೇಲೆ ಕೋಪ ಬಂದಿದೆ. ಸಣ್ಣವಳಿದ್ದಾಗ ನನ್ನ ಪೆನ್ಸಿಲ್ ಮುರಿದೆ ಎಂದು ಬರುತ್ತಿತ್ತಲ್ಲ, ಆ ಕೋಪವಲ್ಲ. ಎರಡು ವಾರದ ಹಿಂದೆ ನಮ್ಮ ರೈಫಲ್ ಕ್ಲಬ್ಬಿನಲ್ಲಿ ಸಾವಿರ ಗಜದ ತಂಡಕ್ಕೆ ಮೊದಲ ಸುತ್ತಿನ ಆಯ್ಕೆ ಇತ್ತು. ನಾಲ್ಕು ಜನರ ತಂಡ, ಇಪ್ಪತ್ತು ಗುಂಡು, ಇನ್ನೂರು ಅಂಕ. ನೀನು ಊರಲ್ಲಿ ಇಲ್ಲದಿದ್ದರೂ ನಿನ್ನ ಹೋದ ವರ್ಷದ ನೂರ ಎಂಬತ್ತೊಂಬತ್ತನ್ನು ಹಿಡಿದುಕೊಂಡು ನಾಲ್ಕನೆಯ ಜಾಗವನ್ನು ನಿನಗೇ ಇಟ್ಟಿದ್ದಾರೆ, ಅದನ್ನು ದಾಟಿದವರಿಗೆ ಆ ಜಾಗ. ನಾನು ಹೊಟ್ಟೆಯ ಮೇಲೆ ಮಲಗಿ, ನೀನು ಮೂರು ವರ್ಷದ ಹಿಂದೆ ಹುಟ್ಟುಹಬ್ಬಕ್ಕೆ ಕೆಂಪು ರಿಬ್ಬನ್ ಕಟ್ಟಿ ಕೊಟ್ಟ ಆ ಮೂರು ಕಾಲಿನ ರೆಸ್ಟಿನ ಮೇಲೆ ರೈಫಲ್ಲಿನ ಮುಂಭಾಗ ಇಟ್ಟು, ಹಿಂಭಾಗಕ್ಕೆ ಮರಳಿನ ಚೀಲ ಕೊಟ್ಟು ಹೊಡೆದೆ. ಮೊದಲ ಎಂಟು ಗುಂಡು ಒಂಬತ್ತು ಹತ್ತರೊಳಗೇ ಬಿದ್ದವು. ಆಮೇಲೆ ಒಂದು ಮೇಲೆ, ಒಂದು ಕೆಳಗೆ. ಗಾಳಿಯ ಬಾವುಟಗಳು ಒಣಹಾಕಿದ ಬಟ್ಟೆಯಂತೆ ಸುಮ್ಮನೆ ಇಳಿಬಿದ್ದಿದ್ದವು, ಗಾಳಿಯನ್ನು ಬೈಯುವ ಹಾಗೂ ಇರಲಿಲ್ಲ. ನೂರ ಎಪ್ಪತ್ತೊಂದಕ್ಕೆ ಮುಗಿಸಿದೆ. ಎದ್ದು ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತಿದ್ದಾಗ ಕಾರ್ಯದರ್ಶಿ ಬಂದು ಸಮಾಧಾನ ಮಾಡಿದರು. "ಬೇಜಾರು ಮಾಡ್ಕೋಬೇಡಿ, ನಿಮ್ಮಣ್ಣ ಹೋಗೋಕೆ ಮುಂಚೆನೇ ಬರೆದುಕೊಟ್ಟಿದ್ರು" ಎಂದರು. ಏನು ಬರೆದುಕೊಟ್ಟಿದ್ದ ಎಂದು ಕೇಳಿದೆ. ಪಾಪ, ನನಗೆ ಗೊತ್ತಿದೆ ಎಂದುಕೊಂಡೇ ಫೈಲು ತೆಗೆದು ಗಟ್ಟಿಯಾಗಿ ಓದಿ ತೋರಿಸಿದರು.

ನಿನ್ನದೇ ಅಕ್ಷರ. "ತಂಗಿಯ ಕೈ ನಡುಗುತ್ತದೆ. ದೂರದ ಪಂದ್ಯಕ್ಕೆ ಆಗುವುದಿಲ್ಲ. ಮೀಸಲಿನಲ್ಲಿಟ್ಟರೆ ಸಾಕು." ಕೆಳಗೆ ಸಹಿ, ಸಹಿಯ ಕೆಳಗೆ ಆ ನಿನ್ನ ಗೆರೆ. ಅಣ್ಣಾ, ನಾನು ಹೊಟ್ಟೆ ಹೊರೆಯುವುದೇ ಈ ಕೈಯಿಂದ. ದಿನಕ್ಕೆ ಎಂಟು ಗಂಟೆ ಮೇಣದಲ್ಲಿ ಹಲ್ಲು ಕೆತ್ತುತ್ತೇನೆ, ಕೂದಲೆಳೆಯಷ್ಟು ತಪ್ಪಿದರೂ ಯಾರೋ ಒಬ್ಬರಿಗೆ ಊಟ ಮಾಡಲಾಗುವುದಿಲ್ಲ. ನನ್ನನ್ನು ಮೇಣದ ಡಾಕ್ಟರು ಎಂದು ಹಂಗಿಸುವವನು ನೀನೇ. ಆ ಹೊತ್ತಿಗೆ ನಮ್ಮ ಲ್ಯಾಬಿನ ಯಜಮಾನರು, ಹಲ್ಲಿನ ಡಾಕ್ಟರು, ಪಕ್ಕದ ಸಾಲಿನಲ್ಲೇ ರೈಫಲ್ ಒರೆಸುತ್ತ ಕೂತಿದ್ದರು. ಅವರೂ ಕೇಳಿಸಿಕೊಂಡರು. ಸೋಮವಾರದಿಂದ ನಾನು ಮಾಡಿದ ಒಂದೊಂದು ಹಲ್ಲನ್ನೂ ದೀಪದ ಕೆಳಗೆ ಹಿಡಿದು ನೋಡುತ್ತಿದ್ದಾರೆ. ಹದಿನೇಳು ವರ್ಷದಲ್ಲಿ ಒಂದು ದಿನವೂ ಹಾಗೆ ನೋಡಿದವರಲ್ಲ. ಬುಧವಾರ ಒಂದು ಸೇತುವೆ ಹಲ್ಲಿನ ಕೆಲಸ ಬಂದಿತ್ತು, ಮೂರು ಹಲ್ಲು ಒಟ್ಟಿಗೆ ಜೋಡಿಸುವ ನಾಜೂಕಿನ ಕೆಲಸ, ಅದನ್ನು ಹೊಸಬಳಿಗೆ ಕೊಟ್ಟರು. ಆ ಹುಡುಗಿ ಬಂದು ಆರು ತಿಂಗಳಾಗಿಲ್ಲ. ನಾನು ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ನಿಜ ಹೇಳುತ್ತೇನೆ, ಎರಡು ದಿನ ನಾನೂ ನಂಬಿದ್ದೆ. ನೀನು ಹೇಳಿದ್ದನ್ನು ನಂಬುವುದು ನನಗೆ ಚಿಕ್ಕಂದಿನ ಚಾಳಿ. ಮೂರು ವರ್ಷದಿಂದ ಗುಂಡು ಆಚೀಚೆ ಹೋದಾಗಲೆಲ್ಲ "ನಿನ್ನ ಕೈಲೇ ಇದೆ ಕಣೇ ತೊಂದರೆ, ಉಸಿರು ಹಿಡಿ" ಎಂದು ನೀನು ಹೇಳುತ್ತಿದ್ದೆ, ನಾನು ಉಸಿರು ಹಿಡಿಯುತ್ತಿದ್ದೆ. ಕಾಫಿ ಬಿಟ್ಟೆ. ಬೆಳಿಗ್ಗೆ ಎದ್ದು ಗೋಡೆಗೆ ಮುಖ ಮಾಡಿ ಖಾಲಿ ರೈಫಲ್ ಹಿಡಿದು ಕೂರುತ್ತಿದ್ದೆ, ಅಮ್ಮ "ಗೋಡೆ ಏನು ತಪ್ಪು ಮಾಡ್ತು" ಎನ್ನುತ್ತಿದ್ದಳು. ಹೋದ ವಾರದ ಮಂಗಳವಾರ ಲ್ಯಾಬಿನಲ್ಲಿ ಊಟದ ವಿರಾಮಕ್ಕೆ ಎಲ್ಲರೂ ಎದ್ದುಹೋದ ಮೇಲೆ ಆ ರೆಸ್ಟನ್ನು ನನ್ನ ಕೆಲಸದ ಕಲ್ಲಿನ ಮೇಲಿಟ್ಟೆ. ಹಲ್ಲಿನ ದಪ್ಪ ಅಳೆಯುವ ಡಯಲ್ ಗೇಜಿನ ಮೊನೆಯನ್ನು ಅದರ ತಲೆಗೆ ತಾಗಿಸಿ, ಕಿರುಬೆರಳಿನಿಂದ ಒಂದು ಚೂರು ಒತ್ತಿದೆ. ಮುಳ್ಳು ಅರ್ಧ ಸುತ್ತು ಹೋಯಿತು. ಬೆರಳು ತೆಗೆದೆ. ಮುಳ್ಳು ವಾಪಸ್ ಬಂತು, ಆದರೆ ಹೊರಟ ಜಾಗಕ್ಕೆ ಬರಲಿಲ್ಲ. ಹತ್ತು ಸಲ ಒತ್ತಿದೆ, ಹತ್ತು ಸಲವೂ ಬೇರೆ ಬೇರೆ ಕಡೆ ನಿಂತಿತು. ಎತ್ತರ ಹಿಡಿದು ನಿಲ್ಲಿಸುವ ತಿರುಪನ್ನು ಇಕ್ಕುಳ ಹಾಕಿ ಬಿಗಿದರೂ ಅಷ್ಟೇ. ರೆಸ್ಟಿನ ತಲೆಯಲ್ಲಿ ಅಷ್ಟು ಅಲುಗಾಟವಿದ್ದರೆ ಸಾವಿರ ಗಜದಾಚೆ ಗುಂಡು ಒಂದು ಮೊಳ ಮೇಲೆ ಹೋಗಲು ನನ್ನ ಕೈ ಯಾಕೆ ಬೇಕು?

ಅಲ್ಲಿಯ ತನಕ ನಿನ್ನ ಮೇಲೆ ನನಗೆ ಬೇಜಾರಷ್ಟೇ ಇತ್ತು. ಅದೂ ಗೊತ್ತಿಲ್ಲದೆ ಕೊಟ್ಟಿರುತ್ತಾನೆ, ಅವನಿಗೇನು ಕನಸು ಬಿದ್ದಿತ್ತೇ ಎಂದುಕೊಂಡೆ. ಸಂಜೆ ಅದನ್ನು ಹೊತ್ತುಕೊಂಡು ರೈಲು ಸೇತುವೆಯ ಕೆಳಗೆ ಅಂಗಡಿ ಇಟ್ಟಿರುವ ಲೇಥ್‌ನವರ ಹತ್ತಿರ ಹೋದೆ. ಅವರು ಕನ್ನಡಕ ಹಣೆಗೇರಿಸಿ, ರೆಸ್ಟನ್ನು ತಲೆಕೆಳಗು ಮಾಡಿ, ತಳದಲ್ಲಿದ್ದ ಎರಡು ಸಣ್ಣ ಚುಕ್ಕೆ ತೋರಿಸಿದರು. ಆ ಚುಕ್ಕೆಗಳನ್ನು ನಾನು ಮೂರು ವರ್ಷದಿಂದ ನೋಡುತ್ತಿದ್ದೆ, ಕಂಪನಿಯ ಗುರುತು ಎಂದುಕೊಂಡಿದ್ದೆ. "ಇದು ನನ್ನ ಪಂಚು. ರಿಪೇರಿಗೆ ಬಗ್ಗದ ಸಾಮಾನಿಗೆ ಎರಡು ಚುಕ್ಕೆ ಹೊಡೆದೇ ವಾಪಸ್ ಕೊಡೋದು, ಇನ್ನೊಂದ್ಸಲ ಯಾರಾದ್ರೂ ತಂದ್ರೆ ಗೊತ್ತಾಗ್ಲಿ ಅಂತ. ನಿಮ್ಮಣ್ಣಂಗೂ ಹೇಳಿದ್ದೆ, ನಡುಗಂಬದ ಥ್ರೆಡ್ ಸವೆದೋಗಿದೆ, ಇದನ್ನ ಗುಜರಿಗೆ ಹಾಕಿ ಅಂತ. ಅವರು ಹೂಂ ಅಂದು ಹೊಸದು ತಗೊಂಡ್ರಲ್ಲ" ಎಂದರು. ಯಾವಾಗ ಎಂದು ಕೇಳಿದೆ. ತಮ್ಮ ಮಗಳ ಮದುವೆಯ ವಾರ ಎಂದರು. ಆ ಮದುವೆಗೆ ನಾವಿಬ್ಬರೂ ಹೋಗಿದ್ದೆವು. ಅದಾಗಿ ಹತ್ತು ದಿನಕ್ಕೆ ನನ್ನ ಹುಟ್ಟುಹಬ್ಬ.

ಗುಜರಿಗೆ ಹಾಕು ಎಂದಿದ್ದನ್ನು ನನಗೆ ರಿಬ್ಬನ್ ಕಟ್ಟಿ ಕೊಟ್ಟೆಯಲ್ಲೋ! ನಾನು ಅದನ್ನು ಎಣ್ಣೆ ಹಾಕಿ ಒರೆಸಿ, ಹಳೆಯ ದುಪ್ಪಟ್ಟಾದಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದೆ. ಬಂದವರಿಗೆಲ್ಲ ನಮ್ಮಣ್ಣ ಕೊಟ್ಟಿದ್ದು ಎಂದು ತೋರಿಸುತ್ತಿದ್ದೆ. ನನ್ನಂಥ ಪೆದ್ದು ಇನ್ನೊಬ್ಬಳಿಲ್ಲ.

ನಿನ್ನ ಹೊಸ ರೆಸ್ಟ್ ಪೆಟ್ಟಿಗೆಯಲ್ಲಿದೆ, ಪೆಟ್ಟಿಗೆಯ ಕೀಲಿ ನಿನ್ನ ಜೊತೆ ಸಮುದ್ರದಲ್ಲಿದೆ. ಬೀಗ ಒಡೆಯುತ್ತಿದ್ದೆ, ಲೇಥ್‌ನವರು ಬೇಡ ಎಂದರು. ಹಾಗಾಗಿ ಈ ಹತ್ತು ದಿನ ಕ್ಲಬ್ಬಿನಲ್ಲಿ ಎಲ್ಲರ ರೆಸ್ಟೂ ಕೇಳಿ ಪಡೆದು ಹೊಡೆದು ನೋಡಿದೆ. ಕಾರ್ಯದರ್ಶಿಯವರದು ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುವಂಥದ್ದು, ಒಂದೊಂದು ಗುಂಡಿಗೂ ಕಪ್ಪೆ ಹಾಗೆ ಹಾರುತ್ತದೆ. ಹಲ್ಲಿನ ಡಾಕ್ಟರದು ವಿಮಾನ ನಡೆಸುವ ಹಿಡಿ ಇರುವಂಥದ್ದು, ಮುಟ್ಟಿದರೆ ಸಾಕು ಎತ್ತ ಬೇಕಾದರೂ ಹೋಗುತ್ತದೆ, ಬೇಡವೆಂದರೂ ಹೋಗುತ್ತದೆ. ಅವರು ಕೊಡುವಾಗ ನನ್ನ ಕೈಯನ್ನೇ ನೋಡುತ್ತಿದ್ದರು, ರೆಸ್ಟನ್ನಲ್ಲ. ಕೊನೆಗೆ ನನಗೆ ಬೇಕಾದದ್ದು ಏನೆಂದು ನನಗೇ ತಿಳಿಯಿತು: ಭಾರ ಇರಬೇಕು, ಕಾಲು ಅಗಲಕ್ಕೆ ಚಾಚಿರಬೇಕು, ಎತ್ತರ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಕಾಲಿನ ಮೊಳೆ ಚಾಪೆಯ ಮೇಲಲ್ಲ, ನೆಲದೊಳಗೇ ಇಳಿಯಬೇಕು. ತಲೆಯ ಮೇಲಿನ ಚೀಲ ರೈಫಲ್ಲಿನ ಅಗಲಕ್ಕೆ ಸರಿಯಾಗಿರಬೇಕು, ಮರಳನ್ನು ಗಟ್ಟಿಯಾಗಿ ತುಂಬಿರಬೇಕು, ಬೆರಳು ಒತ್ತಿದರೆ ಗುಳಿ ಬೀಳಬಾರದು. ಎತ್ತರ ಒಂದು ಸಲ ಬಿಗಿದರೆ ಗೇಜಿನ ಮುಳ್ಳು ಮಿಸುಕಬಾರದು. ಇಷ್ಟೇ. ಹಲ್ಲಿನ ಸೆಟ್ಟು ಕೂರಿಸುವುದಕ್ಕಿಂತ ಕಷ್ಟದ ವಿಷಯವೇನಲ್ಲ, ಆದರೆ ನೀನು ಒಂದು ದಿನವೂ ನನಗೆ ಹೇಳಿಕೊಡಲಿಲ್ಲ. ಉಸಿರು ಹಿಡಿ ಎಂದು ಮಾತ್ರ ಹೇಳಿದೆ.

ಲೇಥ್‌ನವರು ದಪ್ಪ ಉಕ್ಕಿನ ಹಲಗೆ ಕತ್ತರಿಸಿ ಮೂರು ಕಾಲಿನದೊಂದು ಮಾಡಿಕೊಟ್ಟಿದ್ದಾರೆ. ಹನ್ನೆರಡು ಕಿಲೋ. ನೋಡಲು ಚೆಂದವಿಲ್ಲ, ಬಣ್ಣವೂ ಇಲ್ಲ. ಮೆಟ್ಟಿಲು ಹತ್ತಿಸುವಾಗ ಅಮ್ಮ "ಇದನ್ನ ಹೊತ್ಕೊಂಡು ಅಷ್ಟು ದೂರ ಹೋಗೋ ಬದಲು ಆ ಗುರಿಹಲಗೆನೇ ಇಲ್ಲಿಗೆ ತರಿಸ್ಕೋ" ಎಂದಳು. ಕಲ್ಲಿನ ಮೇಲಿಟ್ಟು ಗೇಜು ಹಚ್ಚಿ, ಕಿರುಬೆರಳಲ್ಲ, ಮುಷ್ಟಿಯಲ್ಲೇ ಒತ್ತಿದೆ. ಮುಳ್ಳು ಕದಲಲಿಲ್ಲ. ಅಣ್ಣಾ, ಅಲ್ಲೇ ಕೂತು ಅತ್ತೆ. ಖುಷಿಗಲ್ಲ. ಮೂರು ವರ್ಷ ನನ್ನ ಕೈಯನ್ನು ನಾನೇ ಬೈದುಕೊಂಡಿದ್ದಕ್ಕೆ.

ಯಾಕೆ ಹೀಗೆ ಮಾಡಿದೆ ಎಂದು ನಾನು ಕೇಳುವುದಿಲ್ಲ, ನನಗೆ ಗೊತ್ತು. ಆ ಮದುವೆಗೆ ಹದಿನೈದು ದಿನ ಮುಂಚೆ ಕ್ಲಬ್ಬಿನ ಪಂದ್ಯದಲ್ಲಿ ಎರವಲು ರೆಸ್ಟಿನ ಮೇಲೆ ನಾನು ನೂರ ಎಂಬತ್ತೆಂಟು ಹೊಡೆದೆ, ನೀನು ನೂರ ಎಂಬತ್ತಾರು. ಎಲ್ಲರೂ ನಿನ್ನ ಬೆನ್ನು ತಟ್ಟಿ "ಶಿಷ್ಯೆ ಗುರುವನ್ನೇ ಮೀರಿಸಿದ್ಲು" ಎಂದರು, ನೀನೂ ನಕ್ಕೆ. ಮನೆಗೆ ಬರುವ ದಾರಿಯುದ್ದಕ್ಕೂ ನೀನು ಮುಖ ಆಚೆ ತಿರುಗಿಸಿಕೊಂಡೇ ಬಂದೆ. ಕೇಳಿದರೆ, ಬಿಸಿಲಿಗೆ ತಲೆನೋವು ಎಂದೆ. ಎರಡು ಅಂಕ, ಅಣ್ಣಾ! ಎರಡೇ ಎರಡು ಅಂಕಕ್ಕೆ ನನ್ನನ್ನು ಮೂರು ವರ್ಷ ಮೂಲೆಗೆ ಕೂರಿಸಿದೆ. ಕೇಳಿದ್ದರೆ ಬೇಕೆಂದೇ ಸೋಲುತ್ತಿದ್ದೆ ಎಂದು ಬರೆಯಹೊರಟಿದ್ದೆ, ಸುಳ್ಳು, ಸೋಲುತ್ತಿರಲಿಲ್ಲ. ಆದರೆ ನೀನು ಸೋತರೆ ಚಿಕ್ಕವನಾಗುತ್ತಿದ್ದೆ ಎಂದು ನಿನಗೆ ಯಾರು ಹೇಳಿದರು? ನನಗೆ ಸೈಕಲ್ ಕಲಿಸಿದವನು ನೀನು. ಹಿಂದೆ ಹಿಡಿದುಕೊಂಡಿದ್ದೇನೆ ಎಂದು ಹೇಳುತ್ತ ಯಾವಾಗಲೋ ಬಿಟ್ಟುಬಿಟ್ಟವನು, ನಾನು ಒಬ್ಬಳೇ ಬೀದಿಯ ಕೊನೆ ಮುಟ್ಟಿದಾಗ ಕುಣಿದವನು. ಆ ಅಣ್ಣ ಎಲ್ಲಿಗೆ ಹೋದ?

ನಾಳೆ ಬೆಳಿಗ್ಗೆ ಎರಡನೆಯ ಸುತ್ತು. ಎರಡರಲ್ಲಿ ಹೆಚ್ಚು ಬಂದದ್ದೇ ಲೆಕ್ಕಕ್ಕೆ. ಹಲ್ಲಿನ ಡಾಕ್ಟರೂ ಇರುತ್ತಾರೆ. ಜಾಗಕ್ಕಿಂತ ಹೆಚ್ಚಾಗಿ, ಈ ಕೈಗೆ ಹಚ್ಚಿದ ಮಸಿ ಹೋಗಬೇಕು ನನಗೆ. ಹೆದರಿಕೆ ಇದೆ, ಇಲ್ಲವೆನ್ನುವುದಿಲ್ಲ. ಇಷ್ಟೆಲ್ಲ ಹಾರಾಡಿ ನಾಳೆಯೂ ನೂರ ಎಪ್ಪತ್ತೊಂದು ಬಂದರೆ ನಿನ್ನ ಚೀಟಿಯೇ ಸರಿಯೆಂದಾಗುತ್ತದೆ. ಹೋಗಿ ಮಲಗುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣಿಗೆ ಗಾಜು ಹಾಕಿಕೊಳ್ಳದೆ ವೆಲ್ಡಿಂಗ್ ಮಾಡಬೇಡ. ಕೋಪ ಬೇರೆ, ಇದು ಬೇರೆ. ಅಮ್ಮನ ಆಶೀರ್ವಾದಗಳು. ನನ್ನ ನಮಸ್ಕಾರವನ್ನು ಈ ಸಲ ಬರೆಯುತ್ತಿಲ್ಲ, ಬರೆಯಬೇಕು ಅನ್ನಿಸಿದಾಗ ಕಳಿಸುತ್ತೇನೆ.

ಇತಿ,
ನಿನ್ನ ತಂಗಿ,
ಮೇಣದ ಡಾಕ್ಟರು

ಮರೆತ ಮಾತು: ಭಾನುವಾರ, ಮಧ್ಯಾಹ್ನ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ನೂರ ತೊಂಬತ್ತಮೂರು. ನಾಲ್ಕನೆಯ ಹೆಸರು ನನ್ನದು, ಮೀಸಲಿನಲ್ಲಿ ನಿನ್ನದು. ಕಾರ್ಯದರ್ಶಿ ನಿನ್ನ ಚೀಟಿಯನ್ನು ನನ್ನೆದುರೇ ಹರಿದು ಹಾಕಿದರು. ಡಾಕ್ಟರು ಆ ಸೇತುವೆ ಹಲ್ಲಿನ ಅಚ್ಚನ್ನು ಕಾರಿನಿಂದ ತಂದು ನನ್ನ ಕೈಗಿಟ್ಟರು. ಇನ್ನು ಅವರಿಬ್ಬರಿಗೂ ನೀನೇನೂ ಬರೆಯಬೇಕಾಗಿಲ್ಲ. ಆದರೆ ಈಗ ಮನೆಗೆ ಬಂದು ಒಲೆಯ ಮೇಲಿನ ಸಾರಿನ ಪಾತ್ರೆ ಇಳಿಸಲು ಹೋದೆ, ಅಮ್ಮ ಓಡಿಬಂದು ನನ್ನ ಕೈಯಿಂದ ಹಿಡಿಬಟ್ಟೆ ಕಿತ್ತುಕೊಂಡು, ಆ ಮಂಡಿಯಲ್ಲೇ ಬಗ್ಗಿ ತಾನೇ ಇಳಿಸಿದಳು. ಮೂರು ವರ್ಷದಿಂದ ಹೀಗೇ ಇಳಿಸುತ್ತಿದ್ದಾಳೆ, ನನ್ನ ಮೇಲಿನ ಮುದ್ದು ಎಂದುಕೊಂಡಿದ್ದೆ. ಇವತ್ತು ಕೇಳಿದೆ. "ಅವಳ ಕೈ ನಡುಗುತ್ತೆ, ಅವಳಿಗೆ ಗೊತ್ತಾಗದ ಹಾಗೆ ನೋಡ್ಕೋ ಅಂತ ಅಣ್ಣ ಹೇಳಿದಾನೆ ಮಗಳೇ" ಎಂದಳು. ಗೇಜು ತೋರಿಸಿದೆ, ಅಂಕದ ಹಾಳೆ ತೋರಿಸಿದೆ, ಎರಡೂ ಕೈ ಚಾಚಿ ತೋರಿಸಿದೆ. ನೋಡಿ, ಕಣ್ಣು ಒರೆಸಿಕೊಂಡು, "ಅವನು ಸುಳ್ಳು ಹೇಳೋನಲ್ಲ" ಎಂದಳು. ಅವಳಿಗೆ ಬರಿ. ನನಗೆ ಉತ್ತರ ಬೇಡ, ಅಮ್ಮನಿಗೆ ಬರಿ.