ಗೇಟಿನಲ್ಲೇ ಉಳಿದ ಚೆಂಡು

ಹೆರಿಗೆ ಆಸ್ಪತ್ರೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಆಸ್ಪತ್ರೆಯ ಮಹಡಿಯ ಮೇಲೆ ಬಸುರಿಯರಿಗೆ ಏನು ಕಲಿಸುತ್ತಾರೋ ಅದನ್ನೇ ಕೆಳಗೆ ಗೇಟಿನಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ. ನನ್ನ ದೂರು ಇದು. ಕಿತ್ತಿಟ್ಟುಕೊಂಡದ್ದು ಚಿನ್ನವಲ್ಲ, ಒಂದು ಗಾಳಿಚೆಂಡು. ವ್ಯಾಯಾಮಕ್ಕೆಂದು ಮಾಡಿದ, ದೊಡ್ಡವರು ಕೂರುವಂಥ ಚೆಂಡು. ನಾನು ಹಳ್ಳಿ ಶಾಲೆಯಲ್ಲಿ ಓದಿದವಳು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ತಿದ್ದುವುದಕ್ಕೆ ನಿಮ್ಮಲ್ಲಿ ಬೇರೆಯದೂ ಇದೆ.

ಮಗಳಿಗೆ ಚೊಚ್ಚಲ ಬಸುರು. ಬೆನ್ನುನೋವಿನಿಂದ ಕೂರಲಾಗದು, ಮಲಗಲಾಗದು. ಮಹಡಿಯ ಮೇಲಿನ ನಿಮ್ಮ ವ್ಯಾಯಾಮದ ಮೇಡಂ ಅವಳನ್ನು ಚೆಂಡಿನ ಮೇಲೆ ಕೂರಿಸಿ, ಬೀಸುವ ಕಲ್ಲು ತಿರುಗಿದ ಹಾಗೆ ಸೊಂಟ ತಿರುಗಿಸಲು ಹೇಳಿಕೊಟ್ಟರು. ನೋವು ಶುರುವಾದಾಗ ಇದನ್ನೇ ತಬ್ಬಿ ಬಾಗಬೇಕು, ಹೆತ್ತು ಗಾಯ ಮಾಗಿದ ಮೇಲೂ ಮೆಲ್ಲಗೆ ಕೂತು ಮೈಗೆ ಬಲ ತಂದುಕೊಳ್ಳಬೇಕು ಎಂದರು. ಅಳಿಯ ಒಂದು ಚೆಂಡು ತಂದ. "ಹೆರೋಳು ಚೆಂಡಾಟ ಆಡ್ತಾಳೇನೇ?" ಎಂದು ನಾನು ನಕ್ಕೆ. "ನೀನೂ ಒಂದ್ಸಲ ಕೂತು ನೋಡಮ್ಮ, ಆಮೇಲೆ ಮಾತಾಡು" ಎಂದಳು. ಕೂತೆ. ಕೂತಷ್ಟೇ ಬೇಗ ನೆಲಕ್ಕೆ ಬಿದ್ದೆ. ಅಳಿಯ ಗೌರವಕ್ಕೆ ಗೋಡೆಯ ಕಡೆ ತಿರುಗಿಕೊಂಡ, ಆದರೆ ಅವನ ಹೆಗಲು ಕುಣಿಯುತ್ತಿತ್ತು.

ಅಂದಿನಿಂದ ಸಂಜೆ ನಾನು ದೇವರಿಗೆ ದೀಪ ಹಚ್ಚಿ ಹಾಡುವ ಹೊತ್ತಿಗೆ ಅವಳು ಚೆಂಡಿನ ಮೇಲೆ ತೂಗಿಕೊಂಡು ಕೂರುವಳು. ನೆಲಕ್ಕೆ ರಬ್ಬರು ಉಜ್ಜಿ ಕೀರ್ ಕೀರ್ ಎನ್ನುವುದು. ನಾನು ಹಾಡು ಮುಗಿಸಿದರೆ, "ನಿಲ್ಲಿಸ್ಬೇಡಮ್ಮ, ಒಳಗಿರೋನು ಕೇಳಿಸ್ಕೊಳ್ತಿದಾನೆ" ಅನ್ನುವಳು.

ನೋವು ಬಂದ ಬೆಳಿಗ್ಗೆ ಚೆಂಡನ್ನೂ ಎತ್ತಿಕೊಂಡು ಬಂದೆವು. ನಿಮ್ಮ ಗೇಟಿನಲ್ಲಿ ಬೋರ್ಡಿದೆ: ಬಲೂನು, ಚೆಂಡು, ಆಟಿಕೆ ಒಳಗೆ ತರಬಾರದು.

"ಓದ್ಕೊಳ್ಳಿಮ್ಮ, ಚೆಂಡು ಅಂತ ಬರೆದಿದೆ" ಎಂದ ಕಾವಲುಗಾರ.

"ಇದು ಆಡೋದಲ್ಲಪ್ಪ. ಮೇಲೆ ನಿಮ್ಮ ಮೇಡಮ್ಮೇ ಹೇಳಿದ್ದು."

"ಮೇಲಿನೋರು ಹೇಳಿದ್ದು ಮೇಲೆ. ಇದು ಗೇಟು."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಮಗಳು ಗೋಡೆ ಹಿಡಿದು ನಿಂತಿದ್ದಳು, ವಾದಿಸಲು ಹೊತ್ತಿರಲಿಲ್ಲ. ಕಾವಲುಗಾರ ಚೆಂಡನ್ನು ತನ್ನ ಕೋಣೆಯೊಳಗೆ ಇಟ್ಟುಕೊಂಡು ನನ್ನ ಕೈಗೆ ಒಂದು ತಗಡಿನ ಬಿಲ್ಲೆ ಕೊಟ್ಟ. ಒಳಗೆ ಮಗಳನ್ನು ಮಂಚದ ಮೇಲೆ ಮಲಗಿಸಿದರು. ಎದ್ದು ಕೂರುತ್ತೇನೆಂದರೆ, "ಅಲ್ಲಾಡ್ಬೇಡ, ಸುಮ್ನೆ ಮಲ್ಕೋ" ಎಂದರು. ಮಾತಾಡುವ ಶಕ್ತಿ ಇರುವವರೆಗೂ ನನ್ನ ಮಗಳು ಕೇಳಿದ್ದು ಒಂದೇ: "ಅಮ್ಮ, ಚೆಂಡೆಲ್ಲಿ?" ನಾನು ಸೆರಗಿನಲ್ಲಿದ್ದ ಬಿಲ್ಲೆಯನ್ನು ಹಿಡಿದುಕೊಂಡು, "ಬರುತ್ತೆ ಕಣೇ" ಎನ್ನುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮಗುವಿನ ಎದೆಬಡಿತ ಕೇಳಿಸದಾಯಿತು. ಗಂಡುಮಗು. ಅಳಲಿಲ್ಲ.

ಆಮೇಲೆ ನಿಮ್ಮ ಕಚೇರಿಗೆ ಬಂದೆ. ನೀವು ಸಿಗಲಿಲ್ಲ, ನಿಮ್ಮ ಗುಮಾಸ್ತರು ಸಿಕ್ಕರು. "ಚೆಂಡು ಇದ್ದಿದ್ರೆ ಮಗು ಉಳೀತಿತ್ತು ಅಂತೀರಾ ಅಮ್ಮ?" ಎಂದು ಕೇಳಿದರು. ಇಲ್ಲ ಸ್ವಾಮಿ, ಅನ್ನುವುದಿಲ್ಲ. ಹೊಕ್ಕುಳಬಳ್ಳಿಯಲ್ಲಿ ಗಂಟು ಬಿದ್ದಿತ್ತೆಂದು ಡಾಕ್ಟರು ಹೇಳಿದರು, ನಂಬಿದ್ದೇನೆ. ಆ ಗಂಟು ಹಾಕಿದವನು ಮೇಲಿದ್ದಾನೆ. ಅವನನ್ನು ದಿನಾ ದೀಪದ ಮುಂದೆ ಕೇಳಿಕೊಳ್ಳುತ್ತೇನೆ, ಅದು ನನ್ನ ಅವನ ನಡುವಿನ ಮಾತು. ಆದರೆ ಗೇಟಿನ ಬೋರ್ಡು ಬರೆಸಿದವರು ನೀವು. ಆ ಕೂಸಿಗೆ ಈ ಭೂಮಿಯ ಮೇಲೆ ಸಿಕ್ಕ ತೊಟ್ಟಿಲು ಅದೊಂದೇ ಚೆಂಡು. ಕೂಸಿನ ಆಯಸ್ಸೇ ಅಷ್ಟು ಎಂದಿದ್ದರೆ, ಆ ಕಡೆಯ ಬೆಳಿಗ್ಗೆಯಾದರೂ ಅವನ ತಾಯಿ ಅವನನ್ನು ತೂಗಬಹುದಿತ್ತಲ್ಲ? ತನ್ನ ನೋವನ್ನು ತೂಗಿ ತೂಗಿ ಹಗುರ ಮಾಡಿಕೊಳ್ಳಬಹುದಿತ್ತಲ್ಲ? ಅದರಿಂದ ನಿಮ್ಮ ಆಸ್ಪತ್ರೆಯ ಯಾವ ಗೋಡೆ ಬೀಳುತ್ತಿತ್ತು?

ಮನೆಗೆ ಹೊರಟ ದಿನ ಕಾವಲುಗಾರ ಬಿಲ್ಲೆ ಇಸಿದುಕೊಂಡು ಚೆಂಡು ತಂದ. ನಮ್ಮ ಕೈ ಬರಿದಾಗಿರುವುದನ್ನು ನೋಡಿ ತಲೆ ತಗ್ಗಿಸಿದ. ಅವನನ್ನು ದೂರುವುದಿಲ್ಲ. ಮಗಳು ಚೆಂಡನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಆಟೋ ಹತ್ತಿದಳು. ಪಕ್ಕದ ಆಟೋದಲ್ಲಿದ್ದ ಯಾರೋ ಹೆಂಗಸು ನಗುತ್ತಾ, "ಏನವ್ವಾ, ಹುಟ್ಟಿದ ಕೂಡ್ಲೇ ಮಗೂಗೆ ಚೆಂಡಾ?" ಎಂದಳು. ಪಾಪ, ಅವಳಿಗೇನು ಗೊತ್ತು.

ಮಗು ಇಲ್ಲವೆಂಬುದು ಬಾಣಂತಿಯ ಮೈಗೆ ಗೊತ್ತಾಗುವುದಿಲ್ಲ. ಹಾಲು ಬಂತು. ಸೊಂಟ ನೋಯಿತು. ಗಾಯ ಮಾಗಿದ ಮೇಲೆ, ಮೇಡಂ ಹೇಳಿಕೊಟ್ಟಂತೆ, ಒಂದು ಸಂಜೆ ಅವಳು ಚೆಂಡಿನ ಮೇಲೆ ಕೂತಳು. ಆ ಕೀರ್ ಕೀರ್ ಕೇಳಿ ನಾನು ಹಾಡು ನಿಲ್ಲಿಸಿದೆ. "ನಿಲ್ಲಿಸ್ಬೇಡಮ್ಮ" ಎಂದಳು. ಯಾರು ಕೇಳಿಸಿಕೊಳ್ಳುತ್ತಿದ್ದಾರೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಫ್ಯಾನಿನ ಗಾಳಿಗೆ ಆ ಚೆಂಡು ತಾನಾಗಿ ಉರುಳಿ ಬಂದು ದೇವರ ಕೋಣೆಯ ಹೊಸ್ತಿಲಿಗೆ ತಾಗಿ ನಿಲ್ಲುತ್ತದೆ, ಒಳಗೆ ಬರಲೇ ಎಂದು ಕೇಳುವಂತೆ. ಅದನ್ನು ಅಟ್ಟಕ್ಕೆ ಹಾಕಲು ಮನೆಯಲ್ಲಿ ಯಾರಿಗೂ ಕೈ ಬರುವುದಿಲ್ಲ.

ಮಾನ್ಯರೇ, ಮಗಳು ಮತ್ತೆ ಬಸುರಿ. ಅದೇ ಚೆಂಡು, ಅದೇ ಸಂಜೆ, ಅದೇ ಹಾಡು. ಊರಿಗಿರುವುದು ನಿಮ್ಮದೊಂದೇ ಆಸ್ಪತ್ರೆ, ಅದಕ್ಕಿರುವುದು ಅದೊಂದೇ ಗೇಟು. "ಚೆಂಡು ಹೊರಗೆ ಅಂದ್ರೆ ನಾನೂ ಹೊರಗೇನೇ ಅಮ್ಮ. ಗೇಟಲ್ಲೇ ಹೆರ್ತೀನಿ" ಎನ್ನುತ್ತಾಳೆ. ಹಟದ ಮಾತು ಅಂದುಕೊಳ್ಳಬೇಡಿ. ಅವಳ ಕಣ್ಣು ನೋಡಿದರೆ ನನಗೆ ಭಯವಾಗುತ್ತದೆ. ಆ ಬೋರ್ಡಿನಿಂದ ಒಂದು ಪದ ಅಳಿಸಿ, ಹೆರಿಗೆ ಕೋಣೆಯವರಿಗೂ ಹೇಳಿ. ಬಣ್ಣ ಹಚ್ಚಲು ಆಳಿಲ್ಲವಾದರೆ ತಿಳಿಸಿ, ಕುಂಚ ಹಿಡಿದು ನಾನೇ ಬರುತ್ತೇನೆ. ಈ ಸಲ ನನ್ನ ಮಗಳು "ಚೆಂಡೆಲ್ಲಿ" ಎಂದು ಕೇಳಿದರೆ, "ಬರುತ್ತೆ" ಎಂದು ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ.

ಇಂತಿ,
ನಿಮ್ಮ ಗೇಟಿನಲ್ಲಿ ಒಪ್ಪಿಸಿದ ಸಾಮಾನನ್ನು ಜೋಪಾನವಾಗಿ ಹಿಂದಕ್ಕೆ ಪಡೆದ,
ಒಮ್ಮೆ ಅಜ್ಜಿಯಾಗಿಯೂ ಆಗದವಳು